ಹಳೆ ಪೆಟ್ರೋಲ್ ಲಾರಿಗೆ ಇಗ್ನಿಷನ್ ಟೈಮಿಂಗ್ ಕೂರಿಸುವುದು ಹೇಗೆ? ಕಿವಿಯನ್ನಷ್ಟೇ ನಂಬಿದರೆ ಬೇರಿಂಗ್ ಹೋದೀತು!

ಹಳೆ ಪೆಟ್ರೋಲ್ ಲಾರಿಗಳ ಟೈಮಿಂಗ್ ಬಗ್ಗೆ ಗ್ಯಾರೇಜುಗಳಲ್ಲಿ ಒಂದು ಸುಲಭ ಸೂತ್ರವಿದೆ. ಡಿಸ್ಟ್ರಿಬ್ಯೂಟರ್ ಅನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಿರುಗಿಸುತ್ತಾ ಹೋಗಿ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ 'ಟಿಣ್ ಟಿಣ್' ಎಂದು ನಾಕ್ ಆದರೆ ತುಸು ಹಿಂದಕ್ಕೆ ತನ್ನಿ. ಅಷ್ಟೇ, ಟೈಮಿಂಗ್ ಸರಿಯಾಯಿತು!

ಆ ಕಾಲದ ಪೆಟ್ರೋಲ್‌ಗೆ ಈ ಸೂತ್ರ ಸರಿಯಾಗಿಯೇ ಇತ್ತು. ಆದರೆ ಇಂದು ಬಂಕ್‌ನಲ್ಲಿ ಸಿಗುವ ಪೆಟ್ರೋಲ್ ಬೇರೆ. ಅದರ ಆಕ್ಟೇನ್ ಹೆಚ್ಚು, ಅದರಲ್ಲಿ ಎಥೆನಾಲ್ ಕೂಡ ಇದೆ. ಹೀಗಾಗಿ ಹಳೆ ಎಂಜಿನ್ ಸುಲಭಕ್ಕೆ ನಾಕ್ ಆಗುವುದಿಲ್ಲ. ಸದ್ದು ಬರಲಿಲ್ಲವೆಂದು ತಿರುಗಿಸುತ್ತಲೇ ಹೋದರೆ ಟೈಮಿಂಗ್ ಮಿತಿ ದಾಟಿರುತ್ತದೆ, ಕಿವಿಗೆ ಮಾತ್ರ ಏನೂ ಕೇಳಿಸಿರುವುದಿಲ್ಲ. ಹಾಗಾದರೆ ಟೈಮಿಂಗ್ ಅಂದರೇನು? ಅದನ್ನು ಸರಿಯಾಗಿ ಕೂರಿಸುವುದು ಹೇಗೆ? ಇಲ್ಲಿದೆ ಪೂರ್ಣ ವಿವರ.

ಮೊದಲು ಇದು ತಿಳಿದಿರಲಿ: ಡೀಸೆಲ್ ಲಾರಿಗೆ ಇಗ್ನಿಷನ್ ಟೈಮಿಂಗ್ ಇಲ್ಲ

ಭಾರತದ ರಸ್ತೆಗಳಲ್ಲಿ ಕಾಣುವ ಹಳೆ ಲಾರಿಗಳಲ್ಲಿ ಬಹುಪಾಲು ಡೀಸೆಲ್. 1954ರಲ್ಲಿ ಜಮ್ಶೆಡ್‌ಪುರದಿಂದ ಹೊರಬಂದ ಟಾಟಾ ಮರ್ಸಿಡಿಸ್ ಬೆಂಝ್ ಲಾರಿಗಳಾಗಲಿ, ಚೆನ್ನೈನ ಎನ್ನೋರ್‌ನಲ್ಲಿ ತಯಾರಾದ ಲೇಲ್ಯಾಂಡ್ ಕಾಮೆಟ್ ಆಗಲಿ, ಇವುಗಳಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಕಾಯಿಸಿದ ಜಾಗಕ್ಕೆ ಡೀಸೆಲ್ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಲ್ಲಿ ಮೆಕ್ಯಾನಿಕ್ 'ಟೈಮಿಂಗ್' ಎನ್ನುವುದು ಡೀಸೆಲ್ ಪಂಪ್‌ನ ಟೈಮಿಂಗ್. ಅದರ ಕೆಲಸವೇ ಬೇರೆ, ಸಲಕರಣೆಯೂ ಬೇರೆ.

ಇಲ್ಲಿ ಹೇಳುತ್ತಿರುವುದು ಅದಕ್ಕೂ ಹಿಂದಿನ ಪೆಟ್ರೋಲ್ ಲಾರಿಗಳ ಬಗ್ಗೆ. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬೈನ ಶಿವಡಿಯಲ್ಲಿ ಘಟಕ ತೆರೆದು ಶೆವ್ರೊಲೆ ವಾಹನಗಳನ್ನು ಜೋಡಿಸತೊಡಗಿತ್ತು. 1950ರ ದಶಕದಲ್ಲಿ ಆ ಘಟಕ ಮುಚ್ಚಿತು. ಆ ಪೀಳಿಗೆಯ ಲಾರಿಗಳನ್ನು ಈಗ ಓಡಿಸುವವರು ಹೆಚ್ಚಾಗಿ ಹಳೆ ವಾಹನಗಳ ಆಸಕ್ತರು. ಉದಾಹರಣೆಗೆ ಇಲ್ಲಿ ಶೆವ್ರೊಲೆಯ ಆರು ಸಿಲಿಂಡರ್‌ಗಳ 216 ಎಂಜಿನ್ ತೆಗೆದುಕೊಳ್ಳೋಣ. 1937ರಿಂದ 1953ರವರೆಗೆ ತಯಾರಾದ ಈ ಎಂಜಿನ್‌ನ ಗಾತ್ರ 216.5 ಘನ ಇಂಚು, ಅಂದರೆ ಸುಮಾರು 3.5 ಲೀಟರ್. ಎಂಜಿನ್ ಬೇರೆಯಾದರೆ ಗುರುತು, ಸಂಖ್ಯೆಗಳು ಬದಲಾಗುತ್ತವೆ. ಆದರೆ ಕೆಲಸದ ಕ್ರಮ ಬಹುತೇಕ ಇದೇ.

ಕಿಡಿ ಮೊದಲೇ ಏಕೆ ಹಾರಬೇಕು?

ಪಿಸ್ಟನ್ ಮೇಲಕ್ಕೆ ಬಂದು ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಆಗ ಪ್ಲಗ್‌ನಲ್ಲಿ ಕಿಡಿ ಹಾರಬೇಕು. ಪಿಸ್ಟನ್ ತುತ್ತತುದಿ ಮುಟ್ಟಿದ ಮೇಲೆ ಕಿಡಿ ಕೊಟ್ಟರೆ ಸಾಲದೇ ಎಂದು ಅನಿಸಬಹುದು. ಸಾಲದು. ಮಿಶ್ರಣ ಒಂದೇ ಏಟಿಗೆ ಸಿಡಿಯುವುದಿಲ್ಲ. ಬೆಂಕಿ ಪ್ಲಗ್‌ನಿಂದ ಶುರುವಾಗಿ ಸಿಲಿಂಡರ್ ತುಂಬಾ ಹರಡಲು ಕೆಲವು ಮಿಲಿಸೆಕೆಂಡ್ ಬೇಕು. ಒತ್ತಡ ಅತಿ ಹೆಚ್ಚಾಗಬೇಕಾದದ್ದು ಪಿಸ್ಟನ್ ತುದಿ ದಾಟಿ ಕೆಳಗಿಳಿಯತೊಡಗಿದಾಗ, ಅಂದರೆ ಕ್ರ್ಯಾಂಕ್ ತುದಿಯಿಂದ ಸುಮಾರು 15 ಡಿಗ್ರಿ ಮುಂದೆ ಹೋದಾಗ. ಆಗಲೇ ತಳ್ಳುವ ಬಲ ಪೂರ್ತಿ ಸಿಗುತ್ತದೆ. ಅದಕ್ಕಾಗಿಯೇ ಕಿಡಿ ಸ್ವಲ್ಪ ಮೊದಲೇ ಹಾರಬೇಕು. ಎಷ್ಟು ಡಿಗ್ರಿ ಮೊದಲು ಎಂಬುದೇ ಟೈಮಿಂಗ್.

ಒಂದು ಲೆಕ್ಕ ನೋಡಿ. ನಿಮಿಷಕ್ಕೆ 500 ಸುತ್ತಿನ ಐಡ್ಲಿಂಗ್‌ನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡ್‌ನಲ್ಲಿ 3 ಡಿಗ್ರಿ ತಿರುಗುತ್ತದೆ. 2400 ಸುತ್ತಿನಲ್ಲಿ ಅಷ್ಟೇ ಸಮಯದಲ್ಲಿ 14.4 ಡಿಗ್ರಿ ತಿರುಗುತ್ತದೆ. ಹಾಗಾಗಿ ವೇಗ ಹೆಚ್ಚಿದಂತೆ ಕಿಡಿಯೂ ಇನ್ನಷ್ಟು ಮೊದಲೇ ಹಾರಬೇಕು. ಹಳೆ ಎಂಜಿನ್‌ನಲ್ಲಿ ಈ ಕೆಲಸ ಮಾಡಲು ಕಂಪ್ಯೂಟರ್ ಇಲ್ಲ. ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ಪುಟ್ಟ ತೂಕಗಳು ವೇಗ ಹೆಚ್ಚಿದಾಗ ಹೊರಕ್ಕೆ ಚಾಚಿ, ಸ್ಪ್ರಿಂಗ್ ಎಳೆದು, ಪಾಯಿಂಟ್ ತೆರೆಯುವ ಕ್ಯಾಮ್ ಅನ್ನು ಮುಂದಕ್ಕೆ ಸರಿಸುತ್ತವೆ. ಜೊತೆಗೆ ವ್ಯಾಕ್ಯೂಮ್ ಡಬ್ಬಿ ಇದ್ದರೆ, ಎಂಜಿನ್ ಮೇಲೆ ಹೊರೆ ಕಡಿಮೆ ಇರುವಾಗ ಅದು ಇನ್ನಷ್ಟು ಅಡ್ವಾನ್ಸ್ ಕೊಡುತ್ತದೆ.

ನಾವು ಕೈಯಿಂದ ಕೂರಿಸುವುದು ಇವೆಲ್ಲಕ್ಕೂ ಅಡಿಪಾಯವಾದ ಮೊದಲ ಟೈಮಿಂಗ್ ಮಾತ್ರ. ಅದು ತಪ್ಪಿದರೆ ಮೇಲಿನದ್ದೆಲ್ಲ ಅಷ್ಟೇ ಡಿಗ್ರಿ ತಪ್ಪುತ್ತದೆ.

ಟೈಮಿಂಗ್ ತಪ್ಪಿದರೆ ಏನಾಗುತ್ತದೆ?

ತಡವಾದರೆ (ರಿಟಾರ್ಡ್):
- ಪಿಕಪ್ ಇರುವುದಿಲ್ಲ, ಏರಿನಲ್ಲಿ ಬೇಗ ಗೇರ್ ಇಳಿಸಬೇಕಾಗುತ್ತದೆ
- ಪೆಟ್ರೋಲ್ ಹೆಚ್ಚು ಕುಡಿಯುತ್ತದೆ
- ಮಿಶ್ರಣ ಉರಿಯುತ್ತಲೇ ಹೊರಗೆ ಹೋಗುವುದರಿಂದ ಎಕ್ಸಾಸ್ಟ್ ಮತ್ತು ರೇಡಿಯೇಟರ್ ವಿಪರೀತ ಕಾಯುತ್ತವೆ

ಮೊದಲೇ ಆದರೆ (ಅಡ್ವಾನ್ಸ್):
- ಹೊರೆ ಬಿದ್ದಾಗ ನಾಕಿಂಗ್ ಸದ್ದು ಬರಬಹುದು
- ಎಂಜಿನ್ ಬಿಸಿಯಿದ್ದಾಗ ಸ್ಟಾರ್ಟರ್ ತಿಣುಕಾಡುತ್ತದೆ
- ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವಾಗ ಅದು ಹಿಂದಕ್ಕೆ ಒದೆಯುತ್ತದೆ

ಕೊನೆಯ ಅಂಶವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹ್ಯಾಂಡಲ್ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಹಿಡಿಯದೆ ಉಳಿದ ಬೆರಳುಗಳ ಬದಿಯಲ್ಲೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು ಎಂಬ ಪಾಠ ಹುಟ್ಟಿದ್ದು ಇದರಿಂದಲೇ.

ಎಂಜಿನ್‌ಗಂತೂ ಅತಿಯಾದ ಅಡ್ವಾನ್ಸ್ ಹೆಚ್ಚು ಅಪಾಯ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಅದನ್ನು ಕೆಳಕ್ಕೆ ತಳ್ಳಿದರೆ ಆ ಏಟು ಕನೆಕ್ಟಿಂಗ್ ರಾಡ್ ಮೂಲಕ ಬೇರಿಂಗ್‌ಗೆ ಬೀಳುತ್ತದೆ. 216 ಎಂಜಿನ್‌ನ ರಾಡ್‌ಗಳಲ್ಲಿ ಇಂದಿನ ಹಾಗೆ ತೆಗೆದು ಹಾಕುವ ಬೇರಿಂಗ್ ಶೆಲ್ ಇಲ್ಲ. ಬ್ಯಾಬಿಟ್ ಎಂಬ ಮೆದು ಲೋಹವನ್ನು ಕರಗಿಸಿ ರಾಡ್‌ಗೇ ಎರಕ ಹೊಯ್ದಿರುತ್ತಾರೆ. ಆ ಬೇರಿಂಗ್‌ಗಳಿಗೆ ಆಯಿಲ್ ಕೂಡ ಪೂರ್ಣ ಒತ್ತಡದಲ್ಲಿ ಹೋಗುವುದಿಲ್ಲ. ರಾಡ್‌ನ ತುದಿಯಲ್ಲಿರುವ ಪುಟ್ಟ ಸೌಟಿನಂಥ ಭಾಗ ಆಯಿಲ್ ಅನ್ನು ತಾನೇ ಮೊಗೆದುಕೊಳ್ಳುತ್ತದೆ. ಅಂಥ ಬೇರಿಂಗ್ ಹೋದರೆ ಅಂಗಡಿಯಿಂದ ಹೊಸದು ತಂದು ಹಾಕಿ ಮುಗಿಸುವ ಹಾಗಿಲ್ಲ. ಮತ್ತೆ ಬ್ಯಾಬಿಟ್ ಹೊಯ್ದು ಅಳತೆಗೆ ಕೊರೆಯಬಲ್ಲ ಕುಶಲಕರ್ಮಿಯನ್ನು ಹುಡುಕಬೇಕು. ಟೈಮಿಂಗ್‌ನಲ್ಲಿ ನಾಲ್ಕಾರು ಡಿಗ್ರಿಯ ಉದಾಸೀನ ಇಡೀ ಎಂಜಿನ್ ಬಿಚ್ಚುವ ಮಟ್ಟಕ್ಕೆ ಹೋಗುವುದು ಹೀಗೆ.

ಡಿಸ್ಟ್ರಿಬ್ಯೂಟರ್ ಮುಟ್ಟುವ ಮುನ್ನ ಇವನ್ನು ನೋಡಿ

ಬೇರೆ ದೋಷ ಇಟ್ಟುಕೊಂಡು ಟೈಮಿಂಗ್ ಕೂರಿಸಿದರೆ ಕೆಲಸ ಎರಡೆರಡು ಬಾರಿ ಮಾಡಬೇಕಾಗುತ್ತದೆ. ಅದರಲ್ಲೂ ಪಾಯಿಂಟ್ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಈ ಕ್ರಮ ತಪ್ಪಬಾರದು. ಏಕೆಂದರೆ ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದಕ್ಕೆ ಹೋಗುತ್ತದೆ, ಗ್ಯಾಪ್ ಕಡಿಮೆಯಾದರೆ ಹಿಂದಕ್ಕೆ ಬರುತ್ತದೆ.

- ಪಾಯಿಂಟ್: ಸುಟ್ಟು ಗುಳಿ ಬಿದ್ದಿದ್ದರೆ ಬದಲಿಸಿ. ಕ್ಯಾಮ್‌ನ ಉಬ್ಬಿನ ಮೇಲೆ ಪಾಯಿಂಟ್ ಪೂರ್ತಿ ತೆರೆದಿರುವಾಗ ಫೀಲರ್ ಗೇಜ್‌ನಿಂದ ಅಳೆಯಿರಿ. ಈ ಎಂಜಿನ್‌ಗೆ ಹೊಸ ಪಾಯಿಂಟ್ ಹಾಕಿದಾಗ 0.018 ಇಂಚು, ಅಂದರೆ ಸುಮಾರು 0.45 ಮಿ.ಮೀ.
- ಡಿಸ್ಟ್ರಿಬ್ಯೂಟರ್ ಶಾಫ್ಟ್: ಕೈಯಲ್ಲಿ ಹಿಡಿದು ಅಡ್ಡಡ್ಡ ಅಲುಗಾಡಿಸಿ. ಆಟ ಹೆಚ್ಚಿದ್ದರೆ ಬುಶ್ ಸವೆದಿದೆ ಎಂದರ್ಥ. ಆಗ ಒಂದೊಂದು ಸಿಲಿಂಡರ್‌ಗೆ ಒಂದೊಂದು ಟೈಮಿಂಗ್ ಆಗುತ್ತದೆ, ಎಷ್ಟು ಹೊಂದಿಸಿದರೂ ನಿಲ್ಲುವುದಿಲ್ಲ.
- ಅಡ್ವಾನ್ಸ್ ತೂಕಗಳು: ರೋಟರ್ ಅನ್ನು ಅದು ತಿರುಗುವ ದಿಕ್ಕಿಗೆ ಬೆರಳಿನಿಂದ ತಿರುಗಿಸಿ ಬಿಡಿ. ಸ್ಪ್ರಿಂಗ್ ಎಳೆತಕ್ಕೆ ಅದು ತಾನಾಗಿ ಹಿಂದಕ್ಕೆ ಬರಬೇಕು. ಬರದಿದ್ದರೆ ಒಳಗೆ ತುಕ್ಕು ಅಥವಾ ಒಣಗಿದ ಗ್ರೀಸ್ ಇದೆ.
- ವ್ಯಾಕ್ಯೂಮ್ ಡಬ್ಬಿ: ಈ ಶೆವ್ರೊಲೆ ಎಂಜಿನ್‌ಗಳಲ್ಲಿ ಡಬ್ಬಿಯು ಡಿಸ್ಟ್ರಿಬ್ಯೂಟರ್‌ನ ಇಡೀ ಬಾಡಿಯನ್ನೇ ತಿರುಗಿಸುತ್ತದೆ. ವರ್ಷಗಟ್ಟಲೆ ನಿಂತ ಲಾರಿಯಲ್ಲಿ ಬಾಡಿ ಅಲ್ಲೇ ಕಚ್ಚಿಕೊಂಡಿರುವುದುಂಟು.
- ಪ್ಲಗ್ ವೈರ್‌ಗಳ ಕ್ರಮ: 1-5-3-6-2-4. ರೋಟರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ವೈರ್‌ಗಳೂ ಅದೇ ದಿಕ್ಕಿನಲ್ಲಿ ಅದೇ ಕ್ರಮದಲ್ಲಿರಬೇಕು.

ಮೊದಲ ಹಂತ: ಎಂಜಿನ್ ನಿಂತಿರುವಾಗ

ಲಾರಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಇಗ್ನಿಷನ್ ಆಫ್ ಇರಲಿ.

1. ಎಲ್ಲ ಪ್ಲಗ್ ಬಿಚ್ಚಿ. ಮೊದಲ ಸಿಲಿಂಡರ್, ಅಂದರೆ ರೇಡಿಯೇಟರ್ ಬದಿಯದರ ಪ್ಲಗ್ ತೂತಿಗೆ ಬೆರಳು ಇಟ್ಟು, ಇನ್ನೊಬ್ಬರಿಂದ ಹ್ಯಾಂಡಲ್‌ನಲ್ಲಿ ನಿಧಾನಕ್ಕೆ ತಿರುಗಿಸಿ. ಗಾಳಿ ಬೆರಳನ್ನು ಹೊರಕ್ಕೆ ತಳ್ಳಿದರೆ ಅದು ಕಂಪ್ರೆಷನ್ ಸ್ಟ್ರೋಕ್.

2. ಎಂಜಿನ್‌ನ ಬಲಬದಿಯಲ್ಲಿ ಸ್ಟಾರ್ಟರ್ ಮೋಟಾರಿನ ಹತ್ತಿರ, ಫ್ಲೈವೀಲ್ ಕವಚದಲ್ಲಿ ಒಂದು ಕಿಂಡಿಯಿದೆ. ಅದರೊಳಗೆ ಟಾರ್ಚ್ ಬಿಟ್ಟು ನೋಡಿ. ಫ್ಲೈವೀಲ್‌ನಲ್ಲಿ ಒಂದು ಪುಟ್ಟ ಉಕ್ಕಿನ ಗುಂಡನ್ನು ಕೂರಿಸಿರುತ್ತಾರೆ. ಪಿಸ್ಟನ್ ತುದಿ ಮುಟ್ಟಲು ಇನ್ನೂ 5 ಡಿಗ್ರಿ ಇದೆ ಎಂಬುದಕ್ಕೆ ಆ ಗುಂಡೇ ಗುರುತು. ಬಟ್ಟೆಯಿಂದ ಒರೆಸಿ ಅದರ ಮೇಲೆ ಒಂದು ಹನಿ ಬಿಳಿ ಬಣ್ಣ ಹಚ್ಚಿ.

3. ಗುಂಡು ಕಿಂಡಿಯ ಮುಳ್ಳಿನ ನೇರಕ್ಕೆ ಬರುವವರೆಗೆ ತಿರುಗಿಸಿ ನಿಲ್ಲಿಸಿ. ದಾಟಿ ಹೋದರೆ ಹಿಂದಕ್ಕೆ ತಿರುಗಿಸಿ ಹೊಂದಿಸಬೇಡಿ. ಗೇರ್‌ಗಳ ನಡುವಿನ ಸಡಿಲದಿಂದ ಲೆಕ್ಕ ತಪ್ಪುತ್ತದೆ. ಇನ್ನೆರಡು ಸುತ್ತು ತಿರುಗಿಸಿ ಮತ್ತೆ ಬನ್ನಿ.

4. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ನೋಡಿ. ರೋಟರ್ ಒಂದನೇ ಸಿಲಿಂಡರ್‌ನ ವೈರ್ ಕಡೆಗೆ ಮುಖ ಮಾಡಿರಬೇಕು. ಆರನೆಯದರ ಕಡೆಗಿದ್ದರೆ ನೀವು ಹಿಡಿದಿರುವುದು ಕಂಪ್ರೆಷನ್ ಸ್ಟ್ರೋಕ್ ಅಲ್ಲ, ಅಥವಾ ಹಿಂದೆ ಯಾರೋ ಡಿಸ್ಟ್ರಿಬ್ಯೂಟರ್ ಅನ್ನು ಅರ್ಧ ಸುತ್ತು ತಪ್ಪಾಗಿ ಕೂರಿಸಿದ್ದಾರೆ.

5. ಡಿಸ್ಟ್ರಿಬ್ಯೂಟರ್ ಬುಡದಲ್ಲಿ ನಡುವೆ ಸೊನ್ನೆ, ಎರಡೂ ಬದಿ ಗೆರೆಗಳಿರುವ ಪಟ್ಟಿ ಕಾಣುತ್ತದೆ. ಇದು ಆಕ್ಟೇನ್ ಸೆಲೆಕ್ಟರ್. ಅದನ್ನು ಸೊನ್ನೆಗೆ ತನ್ನಿ.

6. ಬ್ಯಾಟರಿಯ ವೋಲ್ಟ್‌ಗೆ ಹೊಂದುವ ಸಣ್ಣ ಬಲ್ಬಿನ ಒಂದು ವೈರನ್ನು ಪಾಯಿಂಟ್ ಕಡೆಯ ಟರ್ಮಿನಲ್‌ಗೆ, ಇನ್ನೊಂದನ್ನು ಬಾಡಿಗೆ ಹಿಡಿದು ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ಮುಚ್ಚಿರುವವರೆಗೆ ಬಲ್ಬ್ ಉರಿಯುವುದಿಲ್ಲ, ತೆರೆದ ಕ್ಷಣ ಹೊತ್ತುತ್ತದೆ. ಕ್ಲ್ಯಾಂಪ್ ಸಡಿಲಿಸಿ, ಮೊದಲು ಬಾಡಿಯನ್ನು ರೋಟರ್ ತಿರುಗುವ ದಿಕ್ಕಿಗೇ ತಿರುಗಿಸಿ ಬಲ್ಬ್ ಆರಿಸಿ. ಆಮೇಲೆ ನಿಧಾನವಾಗಿ ಎದುರು ದಿಕ್ಕಿಗೆ ತನ್ನಿ. ಬಲ್ಬ್ ಹೊತ್ತಿದ ಕಡೆ ನಿಲ್ಲಿಸಿ ಕ್ಲ್ಯಾಂಪ್ ಬಿಗಿ ಮಾಡಿ. ಇಗ್ನಿಷನ್ ತಕ್ಷಣ ಆಫ್ ಮಾಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಹಾಗೇ ಬಿಟ್ಟರೆ ಕಾಯಿಲ್ ಕಾಯುತ್ತದೆ.

ನೆನಪಿಡಿ: ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಬಾಡಿಯನ್ನು 1 ಡಿಗ್ರಿ ತಿರುಗಿಸಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ ಬದಲಾಗುತ್ತದೆ. ಹಾಗಾಗಿ ಇಲ್ಲಿ ಕೂದಲೆಳೆಯಷ್ಟು ಸರಿಸಿದರೂ ಲೆಕ್ಕಕ್ಕೆ ಬರುತ್ತದೆ.

ಎರಡನೇ ಹಂತ: ಎಂಜಿನ್ ಓಡುತ್ತಿರುವಾಗ

ಇದಕ್ಕೆ ಟೈಮಿಂಗ್ ಲೈಟ್ ಬೇಕು. ಒಂದನೇ ಪ್ಲಗ್‌ಗೆ ಕಿಡಿ ಹೋದಾಗಲೆಲ್ಲ ಮಿಂಚುವ ದೀಪವದು. ಈ ಲಾರಿಗಳ ಮೂಲ ಬ್ಯಾಟರಿ 6 ವೋಲ್ಟ್. ಈಗ ಸಿಗುವ ಲೈಟ್‌ಗಳು ಸಾಮಾನ್ಯವಾಗಿ 12 ವೋಲ್ಟ್. ಹಾಗಾಗಿ ಲೈಟ್‌ನ ಎರಡೂ ಕ್ಲಿಪ್‌ಗಳನ್ನು ಪಕ್ಕದಲ್ಲಿಟ್ಟ ಬೇರೊಂದು 12 ವೋಲ್ಟ್ ಬ್ಯಾಟರಿಗೆ ಕೊಟ್ಟು, ಸಿಗ್ನಲ್ ಕ್ಲಿಪ್ ಅನ್ನು ಮಾತ್ರ ಒಂದನೇ ಪ್ಲಗ್ ವೈರ್‌ಗೆ ಸಿಕ್ಕಿಸಿ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ವ್ಯಾಕ್ಯೂಮ್ ಪೈಪ್ ಕಳಚಿ, ಕಾರ್ಬ್ಯುರೇಟರ್ ಬದಿಯ ತುದಿಯನ್ನು ಮುಚ್ಚಿ. ಐಡ್ಲಿಂಗ್ ಅನ್ನು 500 ಸುತ್ತಿನ ಆಸುಪಾಸಿಗೆ ಇಳಿಸಿ. ವೇಗ ಹೆಚ್ಚಿದ್ದರೆ ತೂಕಗಳು ಆಗಲೇ ಕೆಲಸ ಶುರು ಮಾಡಿ ಅಳತೆ ತಪ್ಪುತ್ತದೆ. ಈಗ ಕಿಂಡಿಗೆ ಬೆಳಕು ಹಿಡಿದರೆ ಬಿಳಿ ಚುಕ್ಕೆ ನಿಂತಂತೆ ಕಾಣುತ್ತದೆ. ಅದು ಮುಳ್ಳಿನ ನೇರಕ್ಕೆ ಬರುವಂತೆ ಹೊಂದಿಸಿ.

ಚುಕ್ಕೆ ಒಂದೇ ಕಡೆ ನಿಲ್ಲದೆ ಅತ್ತಿತ್ತ ಕುಣಿದರೆ ಬುಶ್ ಸವೆದಿರುವ ಶಂಕೆ ಬಲವಾಗುತ್ತದೆ. ನಿಂತರೆ ನಿಧಾನವಾಗಿ ವೇಗ ಹೆಚ್ಚಿಸಿ. ಚುಕ್ಕೆ ಸರಾಗವಾಗಿ ಒಂದು ಬದಿಗೆ ಸರಿದು ಕಿಂಡಿಯಿಂದ ಮರೆಯಾಗಬೇಕು, ವೇಗ ಇಳಿದಾಗ ಮತ್ತೆ ಮುಳ್ಳಿಗೇ ಬರಬೇಕು. ಕದಲದಿದ್ದರೆ ಅಥವಾ ಮರಳಿ ಬರದಿದ್ದರೆ ತೂಕಗಳು ಸಿಕ್ಕಿಕೊಂಡಿವೆ. ಆಗ ಮೊದಲ ಟೈಮಿಂಗ್ ಎಷ್ಟು ಸರಿಯಿದ್ದರೂ ರಸ್ತೆಯಲ್ಲಿ ಎಂಜಿನ್ ಏಳುವುದಿಲ್ಲ.

ಈ ಕೆಲಸವನ್ನು ಬಯಲಲ್ಲಿ ಮಾಡಿ. ಮುಚ್ಚಿದ ಶೆಡ್‌ನಲ್ಲಿ ಓಡುವ ಎಂಜಿನ್‌ನಿಂದ ಬರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಸಡಿಲ ತೋಳಿನ ಅಂಗಿ, ಕೊರಳಿನ ಟವೆಲ್ ಬೇಡ. ಫ್ಯಾನ್ ತಿರುಗುತ್ತಿರುತ್ತದೆ ಎಂಬುದು ಮರೆಯದಿರಲಿ.

ಮೂರನೇ ಹಂತ: ಇಂದಿನ ಪೆಟ್ರೋಲ್‌ಗೆ ತಕ್ಕಂತೆ

ಹಳೆಯ ಸೂತ್ರ ಕೈಕೊಡುವುದು ಇಲ್ಲೇ. ಶೆವ್ರೊಲೆ ಆಕ್ಟೇನ್ ಸೆಲೆಕ್ಟರ್ ಕೊಟ್ಟದ್ದಕ್ಕೆ ಕಾರಣವಿತ್ತು. ಆಗ ಒಂದೊಂದು ಕಡೆ ಒಂದೊಂದು ದರ್ಜೆಯ ಪೆಟ್ರೋಲ್ ಸಿಗುತ್ತಿತ್ತು. ಕಡಿಮೆ ಆಕ್ಟೇನ್ ಇದ್ದರೆ ಬೇಗ ನಾಕ್ ಆಗುತ್ತದೆ, ಟೈಮಿಂಗ್ ಹಿಂದಕ್ಕೆ ತರಬೇಕು. ಒಳ್ಳೆಯ ಪೆಟ್ರೋಲ್ ಸಿಕ್ಕರೆ ಮುಂದಕ್ಕೆ ತಳ್ಳಬಹುದು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅತಿ ಸಣ್ಣ ನಾಕಿಂಗ್ ಕೇಳಿಸುವಷ್ಟಕ್ಕೆ ನಿಲ್ಲಿಸುವುದು ಆಗಿನ ಪದ್ಧತಿ. ಆ ಪೆಟ್ರೋಲ್‌ನಲ್ಲಿ ಹೆಚ್ಚಿನ ಶಕ್ತಿ ಸಿಗುವ ಜಾಗ ಮತ್ತು ನಾಕಿಂಗ್ ಶುರುವಾಗುವ ಜಾಗ ಹತ್ತಿರ ಹತ್ತಿರವೇ ಇರುತ್ತಿದ್ದವು.

ಈಗ ಆ ಎರಡೂ ದೂರವಾಗಿವೆ. 216 ಎಂಜಿನ್‌ನ ಕಂಪ್ರೆಷನ್ ಅನುಪಾತ ಸುಮಾರು 6.5:1. ಇಂದಿನ ಕಾರುಗಳಲ್ಲಿ ಅದು ಸಾಮಾನ್ಯವಾಗಿ 10:1ಕ್ಕೂ ಹೆಚ್ಚು. ಬಿಎಸ್6 ಪೆಟ್ರೋಲ್‌ಗೆ ಕನಿಷ್ಠ 91 ಆಕ್ಟೇನ್ ಇರಬೇಕೆಂಬ ನಿಯಮವಿದೆ. ಶೇ.20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್‌ನದು ಇನ್ನೂ ಹೆಚ್ಚು. ಇಷ್ಟು ಕಡಿಮೆ ಕಂಪ್ರೆಷನ್‌ನ ಎಂಜಿನ್‌ಗೆ ಇಷ್ಟು ಆಕ್ಟೇನ್ ಸಿಕ್ಕರೆ, ಶಕ್ತಿ ಇಳಿಯತೊಡಗಿದ ಮೇಲೂ ನಾಕಿಂಗ್ ಕೇಳಿಸದೇ ಇರಬಹುದು. ಸದ್ದಿಲ್ಲ ಎಂದ ಮಾತ್ರಕ್ಕೆ ಬ್ಯಾಬಿಟ್ ಬೇರಿಂಗ್ ಮೇಲೆ ಏಟು ಬೀಳುತ್ತಿಲ್ಲ ಎಂದಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಸದ್ದಿಗೆ ಕಾಯದೆ ಸಮಯ ಅಳೆಯಿರಿ.

- ವಾಹನ ಸಂಚಾರ ಇಲ್ಲದ ಒಂದು ಏರನ್ನು ಆರಿಸಿಕೊಳ್ಳಿ. ಒಂದೇ ಗೇರ್, ಒಂದೇ ಆರಂಭದ ವೇಗ, ಆಕ್ಸಿಲರೇಟರ್ ಪೂರ್ತಿ. ಕೆಳಗಿನ ಗುರುತಿನಿಂದ ಮೇಲಿನ ಗುರುತು ಮುಟ್ಟಲು ಎಷ್ಟು ಸೆಕೆಂಡ್ ಬೇಕೆಂದು ಪಕ್ಕದಲ್ಲಿ ಕುಳಿತವರು ಬರೆದುಕೊಳ್ಳಲಿ.
- ಗುಂಡಿನ ಗುರುತಿಗೆ ಕೂರಿಸಿದ ಟೈಮಿಂಗ್‌ನಿಂದಲೇ ಶುರು ಮಾಡಿ. ಪ್ರತಿ ಬಾರಿ 2 ಡಿಗ್ರಿಗಿಂತ ಹೆಚ್ಚು ಮುಂದಕ್ಕೆ ತಳ್ಳಬೇಡಿ.
- ಸಮಯ ಕಡಿಮೆಯಾಗುವುದು ನಿಂತರೆ ಅಲ್ಲಿಗೆ ಮುಗಿಯಿತು. ಅದರ ಹಿಂದಿನ ಗುರುತಿಗೆ ಮರಳಿ. ಇನ್ನೂ ಮುಂದೆ ಹೋದರೆ ಲಾಭವಿಲ್ಲ, ನಷ್ಟ ಮಾತ್ರ.
- ನಡುವೆ ನಾಕಿಂಗ್ ಕೇಳಿಸಿದರೆ ಅಥವಾ ಬಿಸಿ ಎಂಜಿನ್‌ನಲ್ಲಿ ಸ್ಟಾರ್ಟರ್ ತಿಣುಕಿದರೆ ಸಮಯ ಏನೇ ಹೇಳಲಿ, ಹಿಂದಕ್ಕೆ ತನ್ನಿ.

ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಗೇಜ್ ಹಾಕಿ ಅತಿ ಹೆಚ್ಚು ತೋರಿಸುವ ಕಡೆ ನಿಲ್ಲಿಸುವ ಪದ್ಧತಿಯೂ ಇದೆ. ಆದರೆ ಹೊರೆಯಿಲ್ಲದ ಎಂಜಿನ್ ಕೇಳುವ ಅಡ್ವಾನ್ಸ್ ಬೇರೆ, ಹೊರೆ ಹೊತ್ತ ಎಂಜಿನ್ ತಾಳುವ ಅಡ್ವಾನ್ಸ್ ಬೇರೆ. ಲಾರಿಗೆ ಅದೊಂದನ್ನೇ ನಂಬುವುದು ಸರಿಯಲ್ಲ.

ಎಥೆನಾಲ್ ತರುವ ಇನ್ನೊಂದು ಗೊಂದಲ

ಎಥೆನಾಲ್ ಪೂರ್ತಿ ಉರಿಯಲು ಪೆಟ್ರೋಲ್‌ಗಿಂತ ಕಡಿಮೆ ಗಾಳಿ ಸಾಕು. ಹೊಸ ವಾಹನಗಳಲ್ಲಿ ಸೆನ್ಸರ್ ಇದನ್ನು ಗುರುತಿಸಿ ಇಂಧನ ಹೆಚ್ಚಿಸುತ್ತದೆ. ಹಳೆ ಕಾರ್ಬ್ಯುರೇಟರ್‌ನ ಜೆಟ್‌ಗೆ ಅದು ತಿಳಿಯುವುದಿಲ್ಲ, ಮೊದಲಿನಷ್ಟೇ ಬಿಡುತ್ತದೆ. ಹೀಗಾಗಿ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ, ಎಂಜಿನ್ ಕಾಯುವುದು, ಆಕ್ಸಿಲರೇಟರ್ ಕೊಟ್ಟಾಗ ತಡವರಿಸುವುದು, ಕಾರ್ಬ್ಯುರೇಟರ್ ಒಳಗೆ 'ಫಟ್' ಎಂದು ಸಿಡಿಯುವುದು ಕಾಣಿಸಬಹುದು.

ಇವೆಲ್ಲ ಟೈಮಿಂಗ್ ತಪ್ಪಿದ ಲಕ್ಷಣಗಳಂತೆಯೇ ಇರುತ್ತವೆ. ಟೈಮಿಂಗ್ ಲೈಟ್‌ನಲ್ಲಿ ಗುರುತು ಸರಿಯಾಗಿ ಕೂತಿದ್ದರೂ ಈ ತೊಂದರೆ ಇದ್ದರೆ ಡಿಸ್ಟ್ರಿಬ್ಯೂಟರ್ ಬಿಟ್ಟು ಕಾರ್ಬ್ಯುರೇಟರ್ ಕಡೆ ನೋಡಿ. ಹಳೆ ಪೆಟ್ರೋಲ್ ಪಂಪ್‌ನ ಡಯಾಫ್ರಮ್, ರಬ್ಬರ್ ಪೈಪ್‌ಗಳನ್ನು ಎಥೆನಾಲ್ ತಾಳುವ ಮಾದರಿಗೆ ಬದಲಿಸಿ. ಎಥೆನಾಲ್ ನೀರನ್ನು ಎಳೆದುಕೊಳ್ಳುವುದರಿಂದ, ತಿಂಗಳುಗಟ್ಟಲೆ ನಿಲ್ಲುವ ಲಾರಿಯ ಟ್ಯಾಂಕ್‌ನಲ್ಲಿ ಹಳೆಯ ಪೆಟ್ರೋಲ್ ಉಳಿಸಬೇಡಿ.

ಕೊನೆಗೆ ಒಂದು ಚೀಟಿ

ಕೆಲಸ ಮುಗಿದ ಮೇಲೆ ಪಾಯಿಂಟ್ ಗ್ಯಾಪ್ ಎಷ್ಟು, ಗುರುತಿನಿಂದ ಎಷ್ಟು ಡಿಗ್ರಿ ಮುಂದಿದೆ, ಯಾವ ಪೆಟ್ರೋಲ್, ಯಾವ ದಿನ ಎಂಬುದನ್ನು ಬರೆದು ಬಾನೆಟ್ ಒಳಬದಿಗೆ ಅಂಟಿಸಿ. ಪಾಯಿಂಟ್‌ನ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ, ಟೈಮಿಂಗ್ ತಾನಾಗಿಯೇ ನಿಧಾನಕ್ಕೆ ಹಿಂದೆ ಸರಿಯುತ್ತದೆ. ಮುಂದಿನ ಬಾರಿ ಪಿಕಪ್ ಕಡಿಮೆಯಾಯಿತು ಅನಿಸಿದಾಗ ಡಿಸ್ಟ್ರಿಬ್ಯೂಟರ್ ತಿರುಗಿಸುವ ಮುನ್ನ ಆ ಚೀಟಿ ನೋಡಿ, ಗ್ಯಾಪ್ ಅಳೆಯಿರಿ. ಎಷ್ಟೋ ಬಾರಿ ಅಷ್ಟರಲ್ಲೇ ಕೆಲಸ ಮುಗಿದಿರುತ್ತದೆ.